ಮರಕ್ಕೆ ಬಿದ್ದ ಮೊಹರು

ಮುದ್ದುರಾಜ ನಾಯಕರು ಸೋತದ್ದು ಎಂಬತ್ತಾರು ಮತಗಳಿಂದ. ಅರವತ್ತೇಳರ ಆ ಚುನಾವಣೆಯಲ್ಲಿ ಒಂದೊಂದೇ ಪೆಟ್ಟಿಗೆ ತೆರೆದು ಎಣಿಸುತ್ತಿದ್ದರು. ಯಾವ ಊರು ಯಾರ ಕೈ ಹಿಡಿಯಿತೆಂಬುದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಕೊನೆಗೆ ಬಂದದ್ದು ಕಾಡಂಚಿನ ಗಿರಿಜನರ ಬೋರೆಹಾಡಿಯ ಪೆಟ್ಟಿಗೆ. ಅದನ್ನು ತೆರೆಯುವವರೆಗೂ ನಾಯಕರೇ ಇಪ್ಪತ್ತೆರಡು ಮತ ಮುಂದಿದ್ದರು. ಅವರ ಗುರುತು ಕುದುರೆ. ಕುದುರೆಗೆ ಮೂರು ಬಿದ್ದಿದ್ದವು, ಎದುರಾಳಿಯ ಮರಕ್ಕೆ ನೂರ ಹನ್ನೊಂದು.

"ತಿಂದವ್ರೆ ಬುದ್ದಿ, ಚೆನ್ನಾಗೇ ತಿಂದವ್ರೆ," ಎಂದ ಮಿರ್ಲೆಯ ಸೋಮಯ್ಯ. ಚುನಾವಣೆಯ ಓಡಾಟವೆಲ್ಲ ಅವನದೇ. "ಆ ಕಡೆಯೋರ ಹೆಂಡ ಕುಡುದು ಈ ಕಡೆ ಕೈ ಮುಗುದವ್ರೆ. ಕೈ ಮುಗ್ಯಕ್ಕೇನು ಕಾಸು ಬೇಕಾ?"

ಇನಾಂ ಜಮೀನು ಹೋದ ಮೇಲೆ ನಾಯಕರ ಮನೆತನಕ್ಕೆ ಉಳಿದದ್ದು ಸೋರುವ ದರ್ಬಾರು ಹಜಾರ, ಮತ್ತೆ 'ಬುದ್ದಿ' ಎಂಬ ಕರೆ. ಸೋಲು ಹೊಸದಲ್ಲ. ಆದರೆ ಬೋರೆಹಾಡಿಗೆ ಜಾಗ ಖಾಲಿ ಮಾಡಲು ಅರಣ್ಯ ಇಲಾಖೆಯ ನೋಟೀಸು ಬಂದಿತ್ತು. ಗೆದ್ದರೆ ಬೆಂಗಳೂರಿನಲ್ಲೇ ಕೂತು ಅದನ್ನು ತಡೆಯುತ್ತೇನೆಂದು ಅವರು ಭಾಷೆ ಕೊಟ್ಟಿದ್ದರು. ಗೆದ್ದವನು ಆ ಜಾಗದ ಮರ ಕಡಿಯಲಿದ್ದ ಕಂಟ್ರಾಕ್ಟುದಾರನ ಭಾವಮೈದುನ.

ಮಾರನೆಯ ಬೆಳಿಗ್ಗೆ ನಾಯಕರು ಹುಣಸೂರಿನಿಂದ ಒಬ್ಬರೇ ಜೀಪು ಓಡಿಸಿಕೊಂಡು ಬೋರೆಹಾಡಿಗೆ ಹೊರಟರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಲೇಬೇಕಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು.

ಹಾಡಿಯಲ್ಲಿ ಸಡಗರವೋ ಸಡಗರ. ಗುಡಿಸಲುಗಳ ಮೇಲೆ ಹತ್ತಿ ಹೊಸ ಹುಲ್ಲು ಹೊದಿಸುತ್ತಿದ್ದರು. ಯಜಮಾನ ಜೋಗಯ್ಯ ಮಾಡಿನಿಂದ ಜಾರಿ ಇಳಿದು ಬಂದ.

"ಮರ ಬಿತ್ತಾ ಬುದ್ದಿ?"

"ಏನು?"

"ಅದೇ, ಆವಯ್ಯನ ಮರ. ಮೊಹರ ಗಟ್ಟ್ಯಾಗಿ ಗುದ್ದಿವಿ ಎಲ್ಲಾರೂವೆ."

ಅವನ ಹೆಂಡತಿ ಮುತ್ತಿ ಕಂಬಳಿ ಹಾಸುತ್ತ ನಾಚಿಕೊಂಡಳು. "ಮೂರು ಐಕ್ಳು ಮಾತ್ರ ಗೊತ್ತಾಗ್ದೆ ನಿಮ್ ಕುದ್ರೆಗೆ ಗುದ್ಬುಟ್ಟವೆ. ಒಟ್ಟೆಗಾಕ್ಕೊಳಿ ಬುದ್ದಿ. ಸರ್ಯಾಗಿ ಬೈದ್ನಿ."

ನಾಯಕರಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲವೂ ತಿಳಿಯಿತು. ಈ ಜನ ಹುಟ್ಟಿದಾಗಿನಿಂದ ಕಂಡ ಮೊಹರು ಒಂದೇ. ಫಾರೆಸ್ಟ್ ಗಾರ್ಡು ಸುತ್ತಿಗೆಯಿಂದ ಯಾವ ಮರದ ಬುಡಕ್ಕೆ ಮೊಹರು ಹೊಡೆಯುತ್ತಾನೋ ಆ ಮರ ಕೊಡಲಿಗೆ, ಮೊಹರಿಲ್ಲದ್ದು ಉಳಿಯುತ್ತದೆ. ಕೂಲಿಗೆ ಹೋಗಿ ಕಡಿದವರೂ ಇವರೇ. ಹಿಂದಿನ ವಾರ ಇದೇ ಅಂಗಳದಲ್ಲಿ ನಿಂತು ನಾಯಕರು ಹೇಳಿದ್ದರು: "ಆ ಮರ ಉರುಳಬೇಕು, ಕುದುರೆ ನಿಲ್ಲಬೇಕು." ಹಾಡಿಯವರೆಲ್ಲ ತಲೆಯಾಡಿಸಿದ್ದರು. ಮೊಹರು ಯಾವುದಕ್ಕೆ ಒತ್ತಬೇಕೆಂದು ನಾಯಕರು ಹೇಳಿರಲಿಲ್ಲ. ಹೇಳಬೇಕಾದೀತೆಂದು ಹೊಳೆದೇ ಇರಲಿಲ್ಲ. ಅವರ ಮನೆಯಲ್ಲಿ ತಲೆಮಾರುಗಳಿಂದ ಅಪ್ಪಣೆಯಷ್ಟೇ ದೊರೆಗಳದು, ಉಳಿದದ್ದು ಬೇರೆಯವರ ಪಾಡು.

ಕಂಬಳಿಯ ಮೇಲೆ ಕೂರಲಿಲ್ಲ. "ನಾನು ಸೋತೆ ಜೋಗಯ್ಯ," ಎಂದರು.

ಹುಲ್ಲಿನ ಕಂತೆ ಎತ್ತಿಕೊಡುತ್ತಿದ್ದವರ ಕೈ ನಿಂತಿತು.

"ಅದೆಂಗೆ ಸೋತೀರಿ? ನಾವ್ ಗುದ್ದಿವಲ್ಲ!"

ಮುತ್ತಿ ಅವರ ಮುಖವನ್ನೇ ನೋಡುತ್ತಿದ್ದಳು. "ನಮ್ಮಿಂದ ಏನಾರ ಎಚ್ಚುಕಮ್ಮಿ ಆಯ್ತಾ ಬುದ್ದಿ?"

ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

"ಇಲ್ಲಮ್ಮ. ನಿಮ್ಮದೇನೂ ತಪ್ಪಿಲ್ಲ. ಬೇರೆ ಊರಿನವರು ಕೈಕೊಟ್ಟರು."

"ಊರೋರು ಅಂಗೇ ಕಣ್ ಬುಡಿ," ಎಂದ ಜೋಗಯ್ಯ. ಅವನ ಎದೆಯ ಭಾರ ಇಳಿದದ್ದು ಕಾಣುತ್ತಿತ್ತು. ಆಮೇಲೆ ಕೇಳಿದ, "ಇಲ್ಲಿ ಇನ್ನೆಷ್ಟ್ ದಿನ ಇರ್ಬೋದು ನಾವು?"

"ಯುಗಾದಿವರೆಗೆ."

ಜೋಗಯ್ಯ ಅರ್ಧ ಹೊದಿಸಿದ್ದ ಮಾಡನ್ನು ನೋಡಿದ. "ಇಳೀರ್ಲಾ," ಎಂದ. ಮೇಲಿದ್ದವರು ಇಳಿದರು. ಯಾರೂ ಅಳಲಿಲ್ಲ, ಶಾಪ ಹಾಕಲಿಲ್ಲ. ಮುತ್ತಿ ಕಂಬಳಿ ಕೊಡವಿ ಮಡಿಸಿಟ್ಟಳು.

ನಾಯಕರು ಜೀಪು ಹತ್ತಿದಾಗ ಜೋಗಯ್ಯ ಹಿಂದೆಯೇ ಬಂದು ಬಾಗಿಲು ಹಿಡಿದುಕೊಂಡ.

"ಮನ್ಸಿಗೆ ಅಚ್ಕಬ್ಯಾಡಿ ಬುದ್ದಿ. ನಾವು ಎಲ್ಲೇ ಇರ್ಲಿ, ಬರೋ ಸಲ ನೀವ್ ನಿಂತ್ರೆ, ನಿಮ್ ಕುದ್ರೆಗೆ ಒಬ್ನೂ ಮೊಹರು ಮುಟ್ಟುಸ್ದಂಗೆ ನೋಡ್ಕತೀನಿ."

"ಆಗಲಿ," ಎಂದರು ನಾಯಕರು.