ನೆತ್ತಿ ಮುಟ್ಟಿ ಮಾಡಿದ ಆಣೆ

ಮಾತ್ರೆ ಬಿಟ್ಟ ಒಂಬತ್ತನೆಯ ದಿನ ದೇವಕ್ಕನಿಗೆ ಬಚ್ಚಲಿಗೆ ಹೋಗಿ ಬರುವುದೂ ಒಂದು ಶಿಫ್ಟ್ ಮುಗಿಸಿದಷ್ಟು ಸುಸ್ತು ತಂದಿತು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು, ಕೂತರೆ ಹೊಟ್ಟೆ ತೊಳಸುತ್ತಿತ್ತು. ಚಟ ಬಿಡಿಸುವಾಗ ಮೈ ಮೊಂಡಾಟ ಮಾಡುತ್ತದೆ, ಮಾಡಲಿ, ತಾನೇನು ಕಡಿಮೆ ಮೊಂಡಿಯೇ ಎಂದು ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಹೊರಟಳು.

ಯಾದಗಿರಿ ಕಡೆಯಿಂದ ಪೀಣ್ಯಕ್ಕೆ ಬಂದು ಆರು ವರ್ಷವಾಗಿತ್ತು. ಗಂಡ ಯಮನೂರ ಜಿಗಣಿಯಲ್ಲಿ ಕಟ್ಟಡದ ಕೆಲಸಕ್ಕಿದ್ದ, ಭಾನುವಾರಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನ ಬಾಡಿಗೆಯ ಒಂಟಿ ಕೋಣೆಯಲ್ಲಿ ದೇವಕ್ಕ ಮತ್ತು ಅವಳ ನಾದಿನಿ ನೀಲಾಂಬಿಕಾ ಇಬ್ಬರೇ. ದೇವಕ್ಕ ತಗಡು ಒತ್ತಿ ಕತ್ತರಿಸುವ ಪ್ರೆಸ್ ಕಾರ್ಖಾನೆಯಲ್ಲಿ ಹತ್ತು ತಾಸು ನಿಂತು ಕಬ್ಬಿಣದ ಬಿಲ್ಲೆಗಳ ಅಂಚನ್ನು ಅರದಿಂದ ಉಜ್ಜುತ್ತಿದ್ದಳು. ನೀಲಾಂಬಿಕಾ ಗಾರ್ಮೆಂಟ್ಸಿನಲ್ಲಿ ಕೂತು ಕಾಲರ್ ಹೊಲಿಯುತ್ತಿದ್ದಳು. ಒಬ್ಬಳಿಗೆ ಮೊಣಕಾಲು ನೋವು, ಇನ್ನೊಬ್ಬಳಿಗೆ ಸೊಂಟ. ಮೂಲೆಯ ಮೆಡಿಕಲ್ ಅಂಗಡಿಯವನು ಚೀಟಿಗೀಟಿ ಕೇಳದೆ ಪೊಟ್ಟಣ ಕಟ್ಟಿಕೊಡುತ್ತಿದ್ದ ಸಣ್ಣ ಬಿಳಿ ಮಾತ್ರೆಯೇ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿತ್ತು. ಬೆಳಿಗ್ಗೆ ಚಹಾದ ಜೊತೆ ಒಂದು ನುಂಗಿದರೆ ನೋವು ಮಾಯ, ಹಸಿವು ಚುರುಕು.

ಎರಡು ವರ್ಷದಲ್ಲಿ ಇಬ್ಬರ ಮುಖವೂ ಗುಂಡಗಾಯಿತು. ಊರಿಗೆ ಹೋದಾಗ "ಬೆಂಗಳೂರು ನೀರು ಹಿಡಿಸೇತಿ ನಿಮಗ" ಎಂದು ಜನ ಹೊಟ್ಟೆಕಿಚ್ಚುಪಟ್ಟರು, ದೇವಕ್ಕ ಒಳಗೊಳಗೇ ಬೀಗಿದಳು. ಕೈಕಾಲು ಯಾಕೆ ಕಡ್ಡಿಯಾಗುತ್ತಿವೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಕಡೆಗೆ ಕಾರ್ಖಾನೆಗೆ ತಪಾಸಣೆಗೆ ಬಂದ ನರ್ಸಮ್ಮ ಸಕ್ಕರೆ, ಬಿಪಿ ಎರಡೂ ಏರಿವೆ, ಅಂಗಡಿ ಮಾತ್ರೆ ನುಂಗುವವರಿಗೆಲ್ಲ ಹೀಗೇ ಆಗುವುದು ಎಂದು ಬೈದು ಹೋದಳು. ದೇವಕ್ಕನಿಗೆ ಅರ್ಧಂಬರ್ಧ ಕೆಲಸ ಗೊತ್ತಿಲ್ಲ. ಅದೇ ಸಂಜೆ ಪೊಟ್ಟಣವನ್ನು ಮೋರಿಗೆ ಸುರಿದು, ನೀಲಾಂಬಿಕಾಳ ಕೈಯೆಳೆದು ತನ್ನ ನೆತ್ತಿಯ ಮೇಲಿಟ್ಟುಕೊಂಡಳು.

"ಇನ್ನ ಮುಟ್ಟಂಗಿಲ್ಲ ಅಂತ ಆಣಿ ಮಾಡು. ಮುರದ್ರ ನಾ ಸತ್ತಂಗ."

ನೀಲಾಂಬಿಕಾ ಹೂಂ ಎಂದಳು. ನಾದಿನಿಯಾದರೂ ಮಗಳ ಹಾಗೆ ಸಾಕಿದ ಹುಡುಗಿ. ನೆತ್ತಿ ಮುಟ್ಟಿ ಮಾಡಿದ ಆಣೆ ಮುರಿದರೆ ಯಾರ ನೆತ್ತಿಯೋ ಅವರಿಗೇ ಕೇಡು ಎಂದು ಇಬ್ಬರೂ ಚಿಕ್ಕಂದಿನಿಂದ ನಂಬಿದವರು.

ಹತ್ತನೆಯ ದಿನ ಜ್ವರ ಬಂತು. ಅಂಥ ದೊಡ್ಡ ಜ್ವರವೇನಲ್ಲ. ಆದರೂ ದೇವಕ್ಕ ಅರ ಕೈಯಲ್ಲಿದ್ದಂತೆಯೇ ಕುಸಿದಳು. ಸೂಪರ್‌ವೈಸರ್ ರಾಮಾಂಜಿನಪ್ಪ ಆಟೋದಲ್ಲಿ ಹಾಕಿಕೊಂಡು ತುಮಕೂರು ರಸ್ತೆಯ ಆಸ್ಪತ್ರೆಗೆ ತಂದ.

"ಏನಾದ್ರೂ ಮಾತ್ರೆ ತಗೊಳ್ತಿದೀರಾ?" ಡಾಕ್ಟರಮ್ಮ ಕೇಳಿದಳು.

"ಏನೂ ಇಲ್ರಿ ಮೇಡಂ." ಆ ಸುಸ್ತಿನಲ್ಲೂ ದೇವಕ್ಕ ಹೆಮ್ಮೆಯಿಂದಲೇ ಹೇಳಿದಳು.

ಸಲೈನ್ ಹರಿದರೂ ಪಾತಾಳಕ್ಕಿಳಿದ ಬಿಪಿ ಏರಲಿಲ್ಲ. ಡಾಕ್ಟರಮ್ಮ ಅವಳ ಗುಂಡು ಮುಖವನ್ನೂ ಕಡ್ಡಿ ತೋಳನ್ನೂ ಚರ್ಮದ ಮೇಲಿನ ನೀಲಿ ಕಲೆಗಳನ್ನೂ ಒಂದೊಂದಾಗಿ ನೋಡಿದಳು.

"ಮೊದ್ಲು ತಗೊಳ್ತಿದ್ರಾ?"

"ಎರಡ ವರ್ಷ ತಗೊಂಡೀನ್ರಿ. ಈಗ ಪೂರಾ ಬಿಟ್ಟೀನಿ."

"ಒಂದೇ ಸಲಕ್ಕಾ?" ಎಂದವಳೇ ಉತ್ತರಕ್ಕೂ ಕಾಯದೆ ನರ್ಸನ್ನು ಕೂಗಿ ಇಂಜೆಕ್ಷನ್ ಕೊಡಿಸಿದಳು. ಎರಡೆರಡಾಗಿ ಕಾಣುತ್ತಿದ್ದ ಛಾವಣಿಯ ಫ್ಯಾನು ಎರಡು ತಾಸಿನಲ್ಲಿ ಒಂದಾಗಿ ಕಾಣತೊಡಗಿತು, ಜೀವ ಮರಳಿತು.

ಆಮೇಲೆ ಡಾಕ್ಟರಮ್ಮ ಬಂದು ಬಿಡಿಸಿ ಹೇಳಿದಳು. "ಮೂತ್ರಪಿಂಡದ ಮೇಲೆ ಟೋಪಿ ಥರ ಎರಡು ಸಣ್ಣ ಗ್ರಂಥಿ ಇವೆ. ಜ್ವರ, ಪೆಟ್ಟು, ಭಯ, ಮೈಗೆ ಏನೇ ಕಷ್ಟ ಬಂದ್ರೂ ಅವು ಒಂದು ಹಾರ್ಮೋನ್ ಜಾಸ್ತಿ ಬಿಡ್ತವೆ. ಬಿಪಿ ಬೀಳದ ಹಾಗೆ ಹಿಡಿಯೋದು ಅದೇ. ನೀವು ನುಂಗಿದ್ದೂ ಅದೇ ಜಾತಿದು. ಹೊರಗಿಂದ ಬರ್ತಿದೆ ಅಂತ ಗ್ರಂಥಿಗಳು ಕೆಲ್ಸ ನಿಲ್ಲಿಸಿ ಮಲಗಿಬಿಟ್ಟವು. ಈಗ ಜ್ವರ ಬಂತು, ಏಳೋಕೆ ಆಗ್ಲಿಲ್ಲ. ಇದನ್ನ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಿ ಬಿಡ್ಬೇಕಮ್ಮ. ಒಂದೇ ಸಲ ಬಿಟ್ರೆ ಜೀವಕ್ಕೇ ಕುತ್ತು."

ದೇವಕ್ಕನಿಗೆ ಚೆನ್ನಾಗಿಯೇ ಅರ್ಥವಾಯಿತು. ಕಾರ್ಖಾನೆಯಲ್ಲೂ ಕಾಂಟ್ರಾಕ್ಟ್ ಜನ ತಂದು ಹಳಬರನ್ನು ಮನೆಗೆ ಕಳಿಸಿದ್ದರು. ಒಂದು ದಿನ ಕಾಂಟ್ರಾಕ್ಟಿನವರು ಬರಲಿಲ್ಲ, ಪ್ರೆಸ್ಸುಗಳು ಸುಮ್ಮನೆ ನಿಂತವು. ಹಾಗೆ ಯೋಚಿಸುತ್ತಿದ್ದವಳು ತಟ್ಟನೆ ದಿಂಬಿನಿಂದ ತಲೆಯೆತ್ತಿದಳು. ನೀಲಾ. ಅವಳೂ ಬಿಟ್ಟು ಹತ್ತು ದಿನ. ಬಿಡಿಸಿದ್ದು ತಾನೇ.

"ರಾಮಾಂಜಿನಪ್ಪಣ್ಣ, ನಮ್ಮ ನೀಲಾಗ ಫೋನ್ ಹಚ್ರಿ."

"ಆ ಗಾರ್ಮೆಂಟ್ಸ್ ಗೇಟಲ್ಲೇ ಫೋನ್ ಇಸ್ಕೊಂಡ್ಬಿಡ್ತಾರೆ ಕಣಮ್ಮ. ನಾನೇ ಹೋಗಿ ಕರ್ಕೊಂಡ್ಬರ್ತೀನಿ, ಸುಮ್ನೆ ಮಲಗು."

ಸುಮ್ಮನೆ ಮಲಗುವುದು ಹೇಗೆ? ಓಡಬೇಕೆಂದರೆ ಕಾಲಿನಲ್ಲಿ ಬಲವಿಲ್ಲ, ಅಳಬೇಕೆಂದರೆ ಅದಕ್ಕೂ ತ್ರಾಣವಿಲ್ಲ. ಹುಡುಗಿ ಓಡುವ ಸೂಜಿಯ ಮೇಲೆ ಮುಖ ಕೊಟ್ಟು ಬಿದ್ದಂತೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟಿತು. ನಿನ್ನೆ ತಲೆ ಬಾಚುವಾಗ ಅವಳ ಮೈ ಬಿಸಿಯಿತ್ತೇ? ನೆನಪಾಗಲಿಲ್ಲ. ತನ್ನ ದಣಿವಿನಲ್ಲಿ ಅವಳ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ದೇವಕ್ಕನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಒಂದೂವರೆ ತಾಸಿಗೆ ನೀಲಾಂಬಿಕಾ ಬಂದಳು. ತನ್ನ ಕಾಲ ಮೇಲೆ ತಾನೇ ನಡೆದು ಬಂದಳು, ಅತ್ತು ಕೆಂಪಾದ ಮುಖ ಮೊದಲಿನಷ್ಟೇ ಗುಂಡಗಿತ್ತು. ಮಂಚದ ಪಕ್ಕ ಕುಸಿದು ದೇವಕ್ಕನ ಕಾಲು ಹಿಡಿದಳು.

"ನಿನಗ ಹಿಂಗ ಮಾಡಿದಾಕಿ ನಾನ ವೈನಿ."

"ನೀ ಏನ ಮಾಡೀದಿ?"

"ಮೂರನೇ ದಿನಕ್ಕ ಸೊಂಟ ತಡೀಲಿಲ್ಲ. ಕದ್ದು ತಗೊಂಡೆ. ದಿನಾ ನುಂಗೀನಿ. ನಿನ್ನ ನೆತ್ತಿ ಮ್ಯಾಲಿನ ಆಣಿ ಮುರದೆ, ಅದಕ್ಕ ನಿನಗ ತಟ್ಟೇತಿ."

ದೇವಕ್ಕ ಕೈ ಚಾಚಿ ಅವಳ ಹಣೆ ಮುಟ್ಟಿ ನೋಡಿದಳು.

"ಇವತ್ತೂ ನುಂಗೀದಿ? ಖರೇ ಹೇಳು."

"ಖರೇ ವೈನಿ. ಬೇಕಂದ್ರ ಆಣಿ ಮಾಡ್ತೀನಿ" ಎಂದು ಅಭ್ಯಾಸಬಲದಿಂದ ನೀಲಾಂಬಿಕಾಳ ಕೈ ದೇವಕ್ಕನ ತಲೆಯತ್ತ ಏರಿತು.

ದೇವಕ್ಕ ಸೂಜಿ ಚುಚ್ಚಿದ ಕೈಯಿಂದಲೇ ಅದನ್ನು ಅರ್ಧದಲ್ಲಿ ಹಿಡಿದಳು. "ಆಣಿ ಬ್ಯಾಡ. ನಾಳೆನೂ ನುಂಗು. ಡಾಕ್ಟರಮ್ಮ ಹೇಳೋತನಕ ದಿನಾ ನುಂಗು." ಇನ್ನೂ ಹೇಳುವುದಿತ್ತು, ಶಕ್ತಿ ಸಾಲಲಿಲ್ಲ. ಹಿಡಿದ ಕೈಯನ್ನು ಬಿಡದೆ ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.