ದೋಣಿಯ ತಳಕ್ಕೆ ಮನೆಯ ನಲ್ಲಿ

ದೋಣಿ ರಿಪೇರಿ ಮಾಡುವ ಅಂಗಳಗಳಲ್ಲಿ ಈ ಸಂಗತಿಯನ್ನು ಹಲವರು ಹಲವು ರೀತಿಯಲ್ಲಿ ಹೇಳುತ್ತಾರೆ. ಆದರೆ ಎಲ್ಲರೂ ಶುರು ಮಾಡುವುದು ಒಂದೇ ಕಡೆಯಿಂದ: ತಿರುಗದ ಹಿಡಿಯಿಂದ.

ದೋಣಿಯ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಒಂದು ತೂತು ಇರುತ್ತದೆ. ಇಂಜಿನ್ ತಣ್ಣಗಿರಲು ಬೇಕಾದ ಸಮುದ್ರದ ನೀರು ಒಳಗೆ ಬರುವುದು ಅಲ್ಲಿಂದ. ಆ ತೂತಿಗೆ ಒಂದು ಪೈಪಿನ ಮೂತಿ, ಮೂತಿಯ ಮೇಲೊಂದು ವಾಲ್ವು. ಒಳಗಿನ ಪೈಪು ಎಂದಾದರೂ ಒಡೆದರೆ ಆ ವಾಲ್ವನ್ನು ಮುಚ್ಚಬೇಕು. ಮುಚ್ಚಲಾಗದಿದ್ದರೆ ದೋಣಿ ಮುಳುಗುತ್ತದೆ. ಇಷ್ಟು ದೊಡ್ಡ ಹೊಣೆ ಹೊತ್ತ ಸಾಮಾನನ್ನು ಯಾರೂ ಬಗ್ಗಿ ನೋಡುವುದಿಲ್ಲ.

ಈ ದೋಣಿಯಲ್ಲಿ ಬಗ್ಗಿ ನೋಡುತ್ತಿದ್ದವಳು ಯಜಮಾನನ ಹೆಂಡತಿ. ಇಂಜಿನ್ ನೋಡಿಕೊಳ್ಳುತ್ತಿದ್ದುದರಿಂದ ಎಲ್ಲರಿಗೂ ಆಕೆ ಇಂಜಿನ್ ಅಕ್ಕ. ಯಾರು ಏನೇ ಹೇಳಿದರೂ ‘ಆಯ್ತು’ ಎನ್ನುವ ಆಕೆಯ ಗಂಡನಿಗೆ ಜನ ಇಟ್ಟ ಹೆಸರು ಆಯ್ತಣ್ಣ. ವಾಲ್ವಿನ ಹಿಡಿ ಕಚ್ಚಿಕೊಂಡಿದೆ, ಬದಲಾಯಿಸಬೇಕು ಎಂದು ಅಕ್ಕ ಹೇಳಿದಾಗಲೆಲ್ಲ ಆತ ‘ಆಯ್ತು’ ಎಂದಿದ್ದ. ಆಗಿರಲಿಲ್ಲ. ಈಗ ದೋಣಿಯನ್ನು ದಡಕ್ಕೆ ಎಳೆದು ನಿಲ್ಲಿಸಿದ್ದರು. ನಾಳೆ ಮತ್ತೆ ನೀರಿಗೆ. ಅಕ್ಕನಿಗೆ ಮಂಡಿನೋವು, ಈ ಸಲ ಅಪ್ಪನ ಜೊತೆ ಇಂಜಿನ್ ನೋಡಿಕೊಳ್ಳಲು ಹೊರಡುವವಳು ಮಗಳು. ಹಾಗಾಗಿ ಅಕ್ಕ ಹಟ ಹಿಡಿದಿದ್ದಳು.

ಚಹಾ ಹಿಡಿದು ಏಣಿ ಹತ್ತಿದ ಅಕ್ಕ ಇಂಜಿನ್ನಿನ ಗುಂಡಿಯೊಳಗೆ ಇಣುಕಿ ಹಣೆ ಚಚ್ಚಿಕೊಂಡಳು. ಅಲ್ಲಿ ಥಳಥಳ ಹೊಳೆಯುವ ಹೊಸ ವಾಲ್ವು ಕೂತಿತ್ತು. ಗುಂಡು ಹಿಡಿಯ, ಹಿತ್ತಾಳೆಯ, ಸ್ನಾನದ ಮನೆಗೆ ಹೋಗುವ ಪೈಪಿಗೆ ಹಾಕುವಂಥದ್ದು. ಪಕ್ಕದಲ್ಲಿ ಬೆವರೊರೆಸುತ್ತ ಕುಳಿತಿದ್ದವರು ಗಂಡನ ಅಕ್ಕನ ಯಜಮಾನರು, ಊರಿನ ಅರ್ಧ ಮನೆಗಳ ನಲ್ಲಿ ಜೋಡಿಸಿದ ನಲ್ಲಿ ಭಾವ. ಯಾವುದೋ ಮನೆಯ ಕೆಲಸದಲ್ಲಿ ಉಳಿದ ಹೊಸ ಸಾಮಾನು, ಸುಮ್ಮನೆ ಬಿದ್ದಿತ್ತು ಎಂದು ಪ್ರೀತಿಯಿಂದ ತಂದಿದ್ದರು. ಆಯ್ತಣ್ಣ ಏನೆಂದಿರಬಹುದು ಎಂದು ಬೇರೆ ಹೇಳಬೇಕಿಲ್ಲ.

ಇದು ದೋಣಿಯದ್ದಲ್ಲ ಎಂದು ಅಕ್ಕ ತಡೆತಡೆದು ಹೇಳಿದಳು. ಭಾವ ನಕ್ಕರು.

“ಮೂರನೇ ಮಹಡಿ ಮೇಲಿರೋ ಟ್ಯಾಂಕಿನ ನೀರು ತಡೆಯೋ ವಾಲ್ವು ಕಣಮ್ಮ ಇದು. ನಿಮ್ಮ ದೋಣಿ ತಳ ನೀರಲ್ಲಿ ಇಳಿಯೋದೇ ಸೊಂಟದುದ್ದ. ಪೈಪಿಗೆ ನೀರು ತುಂಬಿ ನೋಡಿದೀನಿ, ಒಂದು ಹನಿ ಜಿನುಗಲಿಲ್ಲ.”

“ಅಣ್ಣ, ಮನೇಲಿ ಸೋರಿದ್ರೆ ಟ್ಯಾಂಕ್ ಹತ್ರ ಹೋಗಿ ಬಂದ್ ಮಾಡ್ತೀರಿ. ಇಲ್ಲಿ ಸಮುದ್ರ ಬಂದ್ ಮಾಡೋಕೆ ಯಾರನ್ನ ಕಳಿಸ್ತೀರಿ?”

ಗಂಡ ಅವಳನ್ನು ಪಕ್ಕಕ್ಕೆ ಕರೆದು, ಭಾವನ ಮುಂದೆ ಹೀಗೆ ಮಾತಾಡಿದರೆ ತನ್ನ ಸ್ವಂತ ಅಕ್ಕ ಇನ್ನು ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಪಿಸುಗುಟ್ಟಿದ. ದೋಣಿ ಮುಳುಗಿದ ದಿನ ಖಂಡಿತ ತುಳಿಯುತ್ತಾರೆ, ಸಮಾಧಾನ ಹೇಳಲು, ಎಂದಳು ಅಕ್ಕ. ಆತ ‘ಆಯ್ತು ಬಿಡು’ ಎಂದ. ಆ ಎರಡು ಮಾತು ಕೇಳಿ ಅಕ್ಕನಿಗೆ ಚಹಾವನ್ನು ಲೋಟ ಸಮೇತ ಎಸೆಯಬೇಕೆನಿಸಿತು.

ಏಣಿ ಇಳಿದವಳು ನೇರ ಹೋದದ್ದು ಅಂಗಳದ ಆ ತುದಿಗೆ. ಅಲ್ಲಿ ಆಕೆಯ ಶಾಲೆಯ ಗೆಳತಿ ಬೇರೊಂದು ದೋಣಿಯನ್ನು ತಪಾಸಣೆ ಮಾಡುತ್ತಿದ್ದಳು. ಅದೇ ಅವಳ ಉದ್ಯೋಗ. ಗೆಳತಿ ಬಂದಳು, ಗುಂಡಿಗೆ ಇಳಿದಳು, ಮೊದಲು ತೆಗೆದು ಬಿಸಾಡಿದ್ದ ಹಳೆಯ ವಾಲ್ವನ್ನು ಎತ್ತಿಕೊಂಡಳು. ಅದೂ ಹಿಂದೊಮ್ಮೆ ಯಾರೋ ಹಾಕಿದ ಹಿತ್ತಾಳೆಯೇ. ಸ್ಪ್ಯಾನರಿನಿಂದ ಒಂದು ಏಟು ಕೊಟ್ಟಳು. ಅಂಚು ಪುಡಿಯಾಗಿ ಉದುರಿತು; ಒಳಗೆಲ್ಲ ನಸುಗೆಂಪು. ಉಪ್ಪುನೀರು ಹಿತ್ತಾಳೆಯೊಳಗಿನ ಸತುವನ್ನು ಮೆಲ್ಲಗೆ ತಿಂದುಹಾಕುತ್ತದೆ, ಉಳಿಯುವುದು ನೋಡಲು ಲೋಹ, ಗುಣದಲ್ಲಿ ಒಣ ರಸ್ಕು ಎಂದು ತಿಳಿಸಿದಳು.

ಅದು ಹಳೆಯದು, ಇದು ಹೊಸದಲ್ಲವೇ ಎಂದರು ಭಾವ. ಕೆಂಪಗಾದರೆ ಉಜ್ಜಿದರಾಯಿತು ಎಂದು ಆಯ್ತಣ್ಣ ದನಿಗೂಡಿಸಿದ. ಅಕ್ಕ ಆಕಾಶ ನೋಡಿದಳು.

ಗೆಳತಿ ವಾದಕ್ಕೆ ಇಳಿಯಲಿಲ್ಲ. ವಾಲ್ವನ್ನು ಮೂತಿಗೆ ತಿರುಗಿಸುವಾಗ ಎಷ್ಟು ಸುತ್ತು ಹಿಡಿಯಿತು ಎಂದಷ್ಟೇ ಕೇಳಿದಳು. ಎರಡು ಸುತ್ತಿಗೇ ಗಟ್ಟಿಯಾಗಿ ಕೂತುಬಿಟ್ಟಿತು, ಅಷ್ಟು ಒಳ್ಳೆಯ ಸಾಮಾನು ಎಂದರು ಭಾವ.

“ಹಾಗಾದ್ರೆ ಅದರ ಮೇಲೆ ಒಂದು ಸಲ ನಿಂತ್ಕೊಳ್ಳಿ. ಅಲೆ ಹೊಡೆದಾಗ ಈ ಗುಂಡಿಗೆ ಇಳಿಯೋ ಹುಡುಗಿ ಕಾಲಿಡೋದು ಅಲ್ಲೇ.”

ಭಾವ ಚಪ್ಪಲಿ ಬಿಟ್ಟು, ದೋಣಿಯ ಪಕ್ಕೆ ಹಿಡಿದು, ತಮ್ಮ ತುಂಬಿದ ಮೈಯನ್ನು ಒಂದೇ ಕಾಲಿನಲ್ಲಿ ವಾಲ್ವಿನ ಮೇಲೆ ಹೇರಿದರು. ಟಕ್ ಎಂದಿತು. ಅವರು ಕೂತೇಬಿಟ್ಟರು ಎಂದು ಕೆಲವರು ಹೇಳುತ್ತಾರೆ. ಆಯ್ತಣ್ಣ ಹಿಡಿದುಕೊಂಡ ಎಂದು ಇನ್ನು ಕೆಲವರು. ವಾಲ್ವು ಮಾತ್ರ ಮುರಿದು ಉರುಳಿತ್ತು, ಅದರಲ್ಲಿ ಎರಡು ಮಾತಿಲ್ಲ. ಅದಿದ್ದ ಜಾಗದ ತೂತಿನಿಂದ ಅಂಗಳದ ಬಿಸಿಲಿನ ಬೆಳಕು ಗುಂಡಿಯೊಳಗೆ ಬಂದಿತು. ನಾಲ್ವರೂ ಆ ಬೆಳಕನ್ನೇ ನೋಡಿದರು. ನಾಳೆ ಅಲ್ಲಿಂದ ಬೆಳಕು ಬರುತ್ತಿರಲಿಲ್ಲ.

ಭಾವ ತುಂಡನ್ನು ಕೈಗೆತ್ತಿಕೊಂಡು ಅದರ ತಿರುಪಿನ ಸುತ್ತುಗಳನ್ನು ಬೆರಳಿನಿಂದ ಸವರಿದರು.

“ಮೂತಿ ಥ್ರೆಡ್ಡು ನೆಟ್ಟಗಿದೆ, ನನ್ನ ವಾಲ್ವಿಂದು ಓರೆ, ಒಳಕ್ಕೆ ಹೋದಷ್ಟೂ ಕಿರಿದು. ಗಟ್ಟಿಯಾಗಿದ್ದಲ್ಲಮ್ಮ ಅದು, ಸಿಕ್ಕಿಹಾಕ್ಕೊಂಡಿದ್ದು.”

ಮರುದಿನ ದೋಣಿ ನೀರಿಗೆ ಇಳಿಯಲಿಲ್ಲ. ಗೆಳತಿ ಹೇಳಿದಂತೆ ಕಂಚಿನ ಮೂತಿ, ಅದಕ್ಕೆ ಸರಿಹೊಂದುವ ಥ್ರೆಡ್ಡಿನ ಕಂಚಿನ ವಾಲ್ವು, ತಳಕ್ಕೆ ಬೋಲ್ಟಿನಿಂದ ಬಿಗಿಯುವ ಅಗಲ ಪಾದ, ಅದರಡಿಗೆ ಗಟ್ಟಿ ಹಲಗೆ, ಎಲ್ಲ ಬಂದವು. ಜೋಡಿಸಿದವರು ನಲ್ಲಿ ಭಾವನೇ. ಮುಗಿದ ಮೇಲೆ, ಯಾರೂ ಕೇಳದೆಯೇ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತರು. ಸಾಲದೆಂದು ಭಾವಮೈದುನ ಆಯ್ತಣ್ಣನನ್ನೂ ಹತ್ತಿಸಿದರು. ವಾಲ್ವು ಅಲುಗಲಿಲ್ಲ.

ಹೊರಡುವ ಬೆಳಿಗ್ಗೆ ಎಲ್ಲ ಸರಿಯಾಗಿದೆಯೇ ಎಂದು ಅಕ್ಕ ಕೇಳಿದಳು. ಆಯ್ತಣ್ಣ ಬಾಯಿ ತೆರೆದ.

“ನೀವು ಸುಮ್ನಿರಿ,” ಎಂದಳು ಅಕ್ಕ. “ಮಗಳೇ, ನೀನು ತಿರುಗಿಸಿ ತೋರಿಸು.”

ಮಗಳು ಗುಂಡಿಗಿಳಿದು ಹಿಡಿಯನ್ನು ಕಾಲು ಸುತ್ತು ತಿರುಗಿಸಿದಳು, ಮುಚ್ಚಿತು. ಮತ್ತೆ ತಿರುಗಿಸಿದಳು, ತೆರೆಯಿತು. ಅಕ್ಕ ಹಗ್ಗ ಬಿಚ್ಚಿದಳು.

ದೋಣಿಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ದೋಣಿ ದಡದಲ್ಲಿರುವಾಗಲೇ ಒಮ್ಮೆ ಬಗ್ಗಿ ನೋಡಿ. ಹಿಡಿ ತಿರುಗದಿದ್ದರೆ, ಲೋಹ ನಸುಗೆಂಪಾಗಿದ್ದರೆ, ಬದಲಾಯಿಸಿ. ಮನೆಯ ಹಿತ್ತಾಳೆ ಬೇಡ. ಸಮುದ್ರಕ್ಕೆಂದೇ ಮಾಡಿದ ಕಂಚಿನದೋ, ದೋಣಿಗೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನದೋ ತನ್ನಿ. ಮೂತಿ ಮತ್ತು ವಾಲ್ವಿನ ಥ್ರೆಡ್ಡು ಒಂದೇ ಬಗೆಯದೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿ. ತೆರೆದಿದೆಯೋ ಮುಚ್ಚಿದೆಯೋ ಕಣ್ಣಿಗೆ ಕಾಣುವ ಉದ್ದ ಹಿಡಿ ಇರಲಿ. ಪೈಪಿಗೆ ತುಕ್ಕು ಹಿಡಿಯದ ಎರಡು ಕ್ಲಿಪ್ಪು ಬಿಗಿಯಿರಿ, ಪಕ್ಕದಲ್ಲೇ ಆ ತೂತಿಗೆ ಹೊಂದುವ ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟಿಡಿ. ಭಾವ ಮಾಡಿದಂತೆ ತುಳಿದು ನೋಡುವುದಿದ್ದರೆ ದಡದ ಮೇಲೆ ಮಾತ್ರ, ನೀರಿನಲ್ಲಿ ಖಂಡಿತ ಬೇಡ. ಗೊತ್ತಾಗದಿದ್ದರೆ ದೋಣಿಯ ಕೆಲಸ ಬಲ್ಲವರನ್ನೇ ಕೇಳಿ. ಪ್ರತಿ ಸಲ ಹೊರಡುವ ಮುನ್ನ ಹಿಡಿಯನ್ನು ಒಮ್ಮೆ ತಿರುಗಿಸಿ. ‘ಆಯ್ತು’ ಎಂಬ ಮಾತನ್ನು ಅದಾದ ಮೇಲೆ ಹೇಳಿ.