ಯಾರ ಭಾವ?

ಹಿಟ್ಟಿನ ಬೆಲೆ ಗಗನಕ್ಕೇರಿತ್ತು. ಬ್ರೆಡ್ಡಿನ ಬೆಲೆ ಮಾತ್ರ ಏರಕೂಡದೆಂದು ಸರ್ಕಾರ ರೇಡಿಯೋದಲ್ಲಿ ಸಾರಿತ್ತು. ಬೇಕರಿಯವಳು ಖಾಲಿ ಮೂಟೆಯನ್ನು ತಲೆಕೆಳಗು ಮಾಡಿ ಕೊಡವಿದಳು. ಉದುರಿದ ಹಿಟ್ಟನ್ನು ಅವಳ ಗಂಡನ ಅಣ್ಣ ಅಂಗೈಯಲ್ಲಿ ಬಳಿದು ಬೋಗುಣಿಗೆ ಹಾಕಿದ. ಗಂಡ ಸತ್ತ ಮೇಲೆ ಒಲೆ ಆರದಂತೆ ನೋಡಿಕೊಂಡವನು ಈ ಭಾವನೇ. ಬೆಂಕಿಯ ಮುಂದೆ ಬೆಂದು ಅವನ ಕೈಯ ರೋಮವೆಲ್ಲ ಹೋಗಿತ್ತು.

ಅಷ್ಟರಲ್ಲಿ ಬಾಗಿಲಿಗೆ ಇನ್ನೊಬ್ಬ ಭಾವ ಬಂದ. ಮಂತ್ರಿಯ ಅಕ್ಕನ ಗಂಡ. ಹುದ್ದೆಯಿಲ್ಲ, ಕುರ್ಚಿಯಿಲ್ಲ, ಆದರೆ ಅವನು ಹೂಂ ಅನ್ನದೆ ಪೇಟೆಯಲ್ಲಿ ಒಂದು ಮೂಟೆ ಹಿಟ್ಟು ಇಳಿಯುತ್ತಿರಲಿಲ್ಲ. ಮಂತ್ರಿ ಕರೆದಂತೆ ಪೇಟೆಯೂ ಕರೆಯುತ್ತಿತ್ತು. ಹಲ್ಲುದುರಿದ ಮುದುಕಿಯರಿಗೂ ಅವನು ಭಾವನೇ.

"ಬೆಲೆ ಮುಟ್ಟಬೇಡಮ್ಮ. ಬ್ರೆಡ್ ಸಣ್ಣದು ಮಾಡು. ಹಿಟ್ಟು ಕಳಿಸ್ತೀನಿ."

"ತೂಕದೋರು ಹಿಡಿದ್ರೆ, ಭಾವ?"

"ನಾನು ಹೇಳ್ದೆ ಅನ್ನು."

"ಒಂದು ಚೀಟಿ ಬರೆದುಕೊಡ್ತೀರಾ?"

ಅವನು ಹೊಟ್ಟೆ ಕುಣಿಸಿ ನಕ್ಕ. "ಗಾಳಿ ಬೀಸೋಕೂ ಚೀಟಿ ಬೇಕೇನಮ್ಮ?"

ಬ್ರೆಡ್ಡು ಸಣ್ಣದಾಯಿತು. ಹಸಿವು ಸಣ್ಣದಾಗಲಿಲ್ಲ. ಜನ ಬೀದಿಗಿಳಿದರು. ಸರ್ಕಾರಕ್ಕೆ ಒಬ್ಬ ಕಳ್ಳ ಬೇಕಾದ. ಬೇಕರಿಯವಳನ್ನು ಠಾಣೆಗೆ ಎಳೆತಂದರು.

"ತೂಕ ಇಳಿಸು ಅಂದೋರು ಯಾರು?" ಇನ್ಸ್‌ಪೆಕ್ಟರ್ ಕೇಳಿದ.

"ಭಾವ, ಸ್ವಾಮಿ."

"ಹೆಸರು?"

ಇಷ್ಟು ವರ್ಷದಲ್ಲಿ ಯಾರೂ ಹೆಸರು ಕೇಳಿರಲಿಲ್ಲ. "ಭಾವ ಅಂದ್ರೆ ಭಾವನೇ. ನೀವೂ ಹಾಗೇ ಕರೀತೀರಲ್ಲ?"

"ನನಗೆ ಅಕ್ಕನೇ ಇಲ್ಲವಲ್ಲಮ್ಮ!"

ಪೇದೆಗಳು ಕಿಸಿಕಿಸಿ ನಕ್ಕರು. "ಭಾವನ ಮಾತು ಕೇಳಿ ತೂಕ ಇಳಿಸಿದೆ" ಎಂದು ಬರೆದು ಓದಿ ಹೇಳಿದರು. ಸುಳ್ಳೇನಿಲ್ಲವಲ್ಲ ಎಂದು ಅವಳು ಹೆಬ್ಬೆಟ್ಟು ಒತ್ತಿದಳು.

"ಈಗ ಹೇಳು, ಮನೇಲಿ ನಿನ್ನ ಭಾವ ಯಾರು?"

ಅವಳು ಹೆಬ್ಬೆಟ್ಟು ಒತ್ತಿದ ಕಾಗದಕ್ಕೆ ಕೈ ಚಾಚಿದಳು. "ಅಯ್ಯೋ, ಅವರಲ್ಲ! ಮಂತ್ರಿಗಳ ಭಾವ!"

"ಮಂತ್ರಿಗಳ ಸುದ್ದಿ ಎತ್ತಿದ್ರೆ ಇನ್ನೊಂದು ಕೇಸು."

ಜೀಪು ಹೋಗಿ ಬಂತು. ಇಳಿದವನ ಬೆರಳುಗಳಲ್ಲಿ ನಾದಿದ ಹಿಟ್ಟು ಒಣಗುತ್ತಿತ್ತು.

"ನಾನೇನು ಹೇಳಿದ್ನಮ್ಮ?" ಎಂದಷ್ಟೇ ಕೇಳಿದ. ಅವನನ್ನು ಒಳಗೆ ತಳ್ಳಿ ಬಾಗಿಲು ಹಾಕಿದರು. ಅವಳನ್ನು ಹೊರಗೆ ಬಿಟ್ಟರು.

ಗೇಟಿನ ಬಳಿ ಹಸಿದ ಜನ ಕಳ್ಳನ ಮುಖ ನೋಡಲು ನೂಕಾಡುತ್ತಿದ್ದರು. ಅವಳು ಕಂಬಿ ಹಿಡಿದು ಕಿರುಚಿದಳು: "ಇವರಲ್ರೋ! ಕದ್ದೋನು ಭಾವ! ಭಾವ ಕಣ್ರೋ, ಭಾವ!"

ಅವಳು ಕೂಗಿದಾಗಲೆಲ್ಲ ಒಳಗಿನಿಂದ ಅವನು ಓಗೊಡುತ್ತಿದ್ದ: "ಇಲ್ಲೇ ಇದೀನಮ್ಮ."